ಸಂತೃಪ್ತಿ: ಚೆನ್ನೈ ನಗರದ ಕೃತಜ್ಞತೆಯ ಆಚರಣೆಗಳು

ಸಂತೃಪ್ತಿ ಎಂದರೆ, ಈಗಾಗಲೇ ಕೈಯಲ್ಲಿರುವುದರ ಬೆಲೆಯನ್ನು ಅರಿತು, ಅದು ಬಂದ ಮೂಲಕ್ಕೆ ಋಣಿಯಾಗಿ ನಡೆದುಕೊಳ್ಳುವುದರಿಂದ ಮೂಡುವ ನೆಮ್ಮದಿಯ ಸ್ಥಿತಿ. ಇನ್ನಷ್ಟು ಬೇಕೆಂಬ ತಹತಹ ತಗ್ಗುವುದು ಇದರ ಮುಖ್ಯ ಲಕ್ಷಣ. ಯೋಗಶಾಸ್ತ್ರ, ತಮಿಳು ಮತ್ತು ಕನ್ನಡದ ನೀತಿಸಾಹಿತ್ಯ, ದಕ್ಷಿಣ ಭಾರತದ ಹಬ್ಬಗಳು, ಆಧುನಿಕ ಮನೋವಿಜ್ಞಾನ ಈ ನಾಲ್ಕೂ ಇದನ್ನು ತಮ್ಮ ತಮ್ಮ ದಾರಿಯಲ್ಲಿ ನಿರೂಪಿಸಿವೆ. ಈ ನಾಲ್ಕೂ ದಾರಿಗಳು ಚೆನ್ನೈಯಲ್ಲಿ ಕೂಡುತ್ತವೆ. ಉಪಕರಣ, ದನಕರು, ಸೂರ್ಯ, ನೀರು ಇವಕ್ಕೆ ವರ್ಷದ ಗೊತ್ತಾದ ದಿನಗಳಲ್ಲಿ ಋಣ ಸಲ್ಲಿಸುವ ಆಚರಣೆಗಳನ್ನು ಕೋಟಿಗೂ ಹೆಚ್ಚು ಜನರ ಈ ಕೈಗಾರಿಕಾ ಮಹಾನಗರ ಬಿಟ್ಟುಕೊಟ್ಟಿಲ್ಲ.

ಪದಬಳಕೆ ಮತ್ತು ವ್ಯಾಪ್ತಿ

ಈ ಲೇಖನದಲ್ಲಿ ‘ಕೃತಜ್ಞತೆ’ ಎಂಬುದು ಪಡೆದ ಉಪಕಾರದ ಅರಿವು ಮತ್ತು ಆ ಅರಿವಿಗೆ ತಕ್ಕ ನಡೆ ಎರಡನ್ನೂ ಸೂಚಿಸುತ್ತದೆ. ‘ಸಂತೃಪ್ತಿ’ ಆ ನಡೆಯ ಫಲವಾದ ಮನಸ್ಥಿತಿ. ‘ಸಂತೋಷ’ ಎಂಬ ಪದವನ್ನು ಯೋಗಶಾಸ್ತ್ರದ ಪಾರಿಭಾಷಿಕ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ದಿನಬಳಕೆಯ ಖುಷಿ ಎಂಬ ಅರ್ಥ ಇಲ್ಲಿಲ್ಲ. ಸಿಕ್ಕಿದ್ದಕ್ಕೆ ತಲೆಬಾಗಿ ಅನ್ಯಾಯವನ್ನೂ ಸಹಿಸಿಕೊಳ್ಳುವ ಸ್ವಭಾವ ಸಂತೃಪ್ತಿಯ ವ್ಯಾಪ್ತಿಗೆ ಸೇರುವುದಿಲ್ಲ. ಈ ಗಡಿಯ ಚರ್ಚೆ ‘ಮಿತಿಗಳು’ ಎಂಬ ಭಾಗದಲ್ಲಿದೆ.

ಮೂಲ

ಪತಂಜಲಿಯ ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಐದು ನಿಯಮಗಳ ಪಟ್ಟಿಯಿದೆ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಎರಡನೆಯದಾದ ಸಂತೋಷವನ್ನು ಈ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಬಹಳ ಬಿಗಿಯಾಗಿ ವಿವರಿಸುತ್ತದೆ: ಹತ್ತಿರದಲ್ಲಿರುವ ಸಾಧನಗಳಿಗಿಂತ ಹೆಚ್ಚಿನದನ್ನು ಬಯಸದಿರುವುದು. ಇದೇ ಪಾದದ 42ನೆಯ ಸೂತ್ರ ಅದರ ಫಲವಾಗಿ ಮೀರಿಸಲಾಗದ ಸುಖವನ್ನು ಹೇಳುತ್ತದೆ. ಭಾಷ್ಯ ಸಂತೋಷವನ್ನು ‘ಸಾಧನ’ಕ್ಕೆ, ಅಂದರೆ ಬಳಕೆಯ ವಸ್ತುವಿಗೆ ಕಟ್ಟಿದೆ ಎಂಬುದು ಮುಂದೆ ಬರುವ ಆಯುಧಪೂಜೆಯನ್ನು ತಿಳಿಯುವಾಗ ಉಪಯೋಗಕ್ಕೆ ಬರುತ್ತದೆ.

ತಮಿಳಿನಲ್ಲಿ ಈ ವಿಚಾರದ ಮುಖ್ಯ ಆಧಾರ ತಿರುಕ್ಕುರಳ್. ಹತ್ತು ಕುರಳ್‌ಗಳ ಒಂದೊಂದು ಅಧ್ಯಾಯದಂತೆ 133 ಅಧ್ಯಾಯಗಳಿರುವ ಈ ಗ್ರಂಥದ 11ನೆಯ ಅಧ್ಯಾಯ, ಅಂದರೆ 101ರಿಂದ 110ರವರೆಗಿನ ಕುರಳ್‌ಗಳು, ಪೂರ್ತಿಯಾಗಿ ಕೃತಜ್ಞತೆಗೆ ಮೀಸಲು. ಆಸೆಯನ್ನು ಕತ್ತರಿಸುವ ವಿಚಾರ 37ನೆಯ ಅಧ್ಯಾಯದಲ್ಲಿ ಬರುತ್ತದೆ. ಮೊದಲನೆಯದು ಗೃಹಸ್ಥನಿಗೆ ಹೇಳಿದ ಧರ್ಮ, ಎರಡನೆಯದು ಸಂನ್ಯಾಸಿಗೆ ಹೇಳಿದ್ದು. ಹೀಗೆ ಸಂಸಾರವಂತರಿಗೆ ಗ್ರಂಥಕರ್ತನಾದ ವಳ್ಳುವರ್ (ತಿರುವಳ್ಳುವರ್) ಆಸೆ ಬಿಡುವುದಕ್ಕಿಂತ ಮೊದಲು ಋಣ ನೆನೆಯುವುದನ್ನು ಕಲಿಸುತ್ತಾನೆ. ನುಂಗಂಬಾಕ್ಕಂ ಬಳಿಯ ವಳ್ಳುವರ್ ಕೋಟ್ಟಂ 1976ರಲ್ಲಿ ಅವನ ಸ್ಮಾರಕವಾಗಿ ತೆರೆಯಿತು. 1330 ಕುರಳ್‌ಗಳನ್ನೂ ಅಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರೆ. ಕನ್ನಡಕ್ಕೆ ಈ ಗ್ರಂಥವನ್ನು ತಂದವರಲ್ಲಿ ಎಲ್. ಗುಂಡಪ್ಪನವರ ಹೆಸರು ಪ್ರಮುಖವಾದುದು.

ಕನ್ನಡದ ಕಡೆಯಿಂದ ಮೂರು ಧಾರೆಗಳು ಚೆನ್ನೈಯನ್ನು ಮುಟ್ಟಿವೆ. 12ನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಜೋಡಿಯಾಗಿ ನಿಲ್ಲಿಸಿದರು: ಬಂದದ್ದು ದುಡಿಮೆಯ ಪ್ರಸಾದ, ಮಿಕ್ಕದ್ದು ಸಮುದಾಯದ್ದು. 16ನೆಯ ಶತಮಾನದ ಪುರಂದರದಾಸರು ಸಿರಿವಂತ ವ್ಯಾಪಾರಿಯಾಗಿದ್ದು ಸಂಪತ್ತನ್ನೆಲ್ಲ ದಾನಮಾಡಿ ಹರಿದಾಸರಾದರೆಂದು ಸಂಪ್ರದಾಯ ನಂಬುತ್ತದೆ. ಕರ್ನಾಟಕ ಸಂಗೀತದ ಪಾಠಕ್ರಮವನ್ನು ಅವರ ಹೆಸರಿಗೇ ಸಲ್ಲಿಸುವುದರಿಂದ ಮೈಲಾಪುರದಲ್ಲಿ ಸರಳೆ ವರಸೆ ಹಿಡಿಯುವ ತಮಿಳು ಮಗುವೂ ಅವರ ಶಿಷ್ಯಪರಂಪರೆಗೆ ಸೇರುತ್ತದೆ. ಮೂರನೆಯವನು ತ್ರಿಪದಿಗಳ ಸರ್ವಜ್ಞ. 2009ರ ಆಗಸ್ಟ್ 9ರಂದು ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಿತು; ನಾಲ್ಕು ದಿನಗಳ ಬಳಿಕ ಆಗಸ್ಟ್ 13ರಂದು ಚೆನ್ನೈಯ ಅಯನಾವರಂನ ಜೀವಾ ಪಾರ್ಕಿನಲ್ಲಿ ಸರ್ವಜ್ಞನ ಪ್ರತಿಮೆ ಎದ್ದಿತು. ನದಿನೀರಿಗಾಗಿ ದಶಕಗಳ ಕಾಲ ಕಾದಾಡಿದ ಎರಡು ರಾಜ್ಯಗಳು ಪರಸ್ಪರ ಕೊಟ್ಟುಕೊಳ್ಳಲು ಆರಿಸಿದ್ದು ಇಬ್ಬರು ನೀತಿಕವಿಗಳನ್ನು.

ರಚನೆ

ಕೃತಜ್ಞತೆಯಿಂದ ಸಂತೃಪ್ತಿಗೆ ಸಾಗುವ ಪ್ರಕ್ರಿಯೆಯಲ್ಲಿ ಮೂರು ಹೆಜ್ಜೆಗಳನ್ನು ಗುರುತಿಸಬಹುದು. ಒಳ್ಳೆಯದೊಂದು ತನ್ನ ಬಳಿ ಇದೆಯೆಂದು ಕಾಣುವುದು ಮೊದಲನೆಯದು. ಅದರ ಮೂಲ ಭಾಗಶಃವಾದರೂ ತನ್ನ ಹೊರಗಿದೆಯೆಂದು ಒಪ್ಪುವುದು ಎರಡನೆಯದು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಎಮನ್ಸ್ ಅವರ ವ್ಯಾಖ್ಯೆ ಈ ಎರಡಕ್ಕೆ ನಿಲ್ಲುತ್ತದೆ. ದಕ್ಷಿಣ ಭಾರತದ ಆಚರಣೆಗಳು ಮೂರನೆಯದನ್ನು ಸೇರಿಸುತ್ತವೆ: ಮೂಲಕ್ಕೆ ಏನನ್ನಾದರೂ ಹಿಂತಿರುಗಿಸುವುದು.

ಈ ಮೂರನೆಯ ಹೆಜ್ಜೆಯನ್ನು ಶಾಸ್ತ್ರೀಯವಾಗಿ ಚರ್ಚಿಸಿದವರು ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ. 1985ರಲ್ಲಿ ‘ಈಥೋಸ್’ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಕೃತಜ್ಞತೆಯ ಸಾಮಾಜಿಕ ರೂಪವನ್ನು ಕುರಿತು ಅವರು ಬರೆದ ಲೇಖನ ತಮಿಳು ಸಮಾಜವನ್ನು ಆಧರಿಸಿದೆ. ಹತ್ತಿರದವರ ನಡುವೆ ಕೃತಜ್ಞತೆ ಬಾಯಿಮಾತಿನಲ್ಲಿ ವ್ಯಕ್ತವಾಗುವುದು ಕಡಿಮೆ. ಕಾಲಾಂತರದಲ್ಲಿ ಮರಳಿಸುವ ಉಪಕಾರದಲ್ಲಿ, ನಡವಳಿಕೆಯಲ್ಲಿ, ಬಾಂಧವ್ಯವನ್ನು ಉಳಿಸಿಕೊಳ್ಳುವುದರಲ್ಲಿ ಅದು ಕಾಣುತ್ತದೆ ಎಂಬುದು ಅದರ ಸಾರ. ಚೆನ್ನೈಯ ಹಬ್ಬಗಳಿಗೆ ಈ ಮಾತು ಸರಿಯಾಗಿ ಹೊಂದುತ್ತದೆ. ಆಯುಧಪೂಜೆಯಂದು ಲೇತ್ ಯಂತ್ರಕ್ಕೆ ಮಾತಿನಲ್ಲಿ ಹೇಳುವುದೇನೂ ಇಲ್ಲ. ಅದನ್ನು ತೊಳೆದು, ಒರೆಸಿ, ಒಂದು ದಿನ ಸುಮ್ಮನೆ ಬಿಡಬಹುದು.

ಆ ‘ಸುಮ್ಮನೆ ಬಿಡುವುದು’ ಈ ರಚನೆಯ ತಿರುಳು. ಬಳಕೆಯ ವಸ್ತು ಬಳಕೆಯಲ್ಲಿರುವಾಗ ಕಣ್ಣಿಗೆ ಬೀಳುವುದಿಲ್ಲ. 1971ರಲ್ಲಿ ಮನೋವಿಜ್ಞಾನಿಗಳಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಬೆಲ್ ಈ ಮನೋಧರ್ಮವನ್ನು ವಿವರಿಸಿದರು: ಸಿಕ್ಕ ಸುಖಕ್ಕೆ ಮನಸ್ಸು ಬೇಗನೆ ಒಗ್ಗಿಕೊಂಡು ಹಳೆಯ ಮಟ್ಟಕ್ಕೇ ಮರಳುತ್ತದೆ. ಈ ಒಗ್ಗಿಕೊಳ್ಳುವಿಕೆಯನ್ನು ತಡೆಯುವ ಉಪಾಯವೊಂದನ್ನು ಮಿಂಕ್‌ಯುಂಗ್ ಕೂ ಮತ್ತು ಸಂಗಡಿಗರ 2008ರ ಅಧ್ಯಯನ ತೋರಿಸಿತು. ಬದುಕಿನಲ್ಲಿ ನಡೆದ ಒಳ್ಳೆಯ ಘಟನೆಯನ್ನು ಬರಿದೇ ನೆನೆದವರಿಗಿಂತ, ಅದು ನಡೆಯದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸಿಕೊಂಡವರಲ್ಲಿ ಹೆಚ್ಚು ನೆಮ್ಮದಿ ಕಂಡುಬಂತು. ಉಪಕರಣವನ್ನು ಒಂದು ದಿನ ಕೈಯಿಂದ ದೂರವಿಡುವ ಆಯುಧಪೂಜೆಯ ನವಮಿಯ ನಿಯಮ ಇದೇ ಕೆಲಸವನ್ನು ಕಲ್ಪನೆಯ ಬದಲು ಕ್ರಿಯೆಯಲ್ಲಿ ಮಾಡುತ್ತದೆ.

ಪ್ರಕಾರಗಳು: ಆಯುಧಪೂಜೆ

ಆಶ್ವಯುಜ ಶುದ್ಧ ನವಮಿಯಂದು ತಮಿಳುನಾಡಿನಲ್ಲಿ ಆಯುಧಪೂಜೆ ಮತ್ತು ಸರಸ್ವತಿಪೂಜೆ ಒಟ್ಟಿಗೇ ನಡೆಯುತ್ತವೆ. ಪುಸ್ತಕವೂ ಪಾನಾವೂ ಒಂದೇ ಮಣೆಯ ಮೇಲೆ ಕೂರುತ್ತವೆ. ಮರುದಿನ ವಿಜಯದಶಮಿ, ಎರಡೂ ದಿನ ರಾಜ್ಯದಲ್ಲಿ ಸರ್ಕಾರಿ ರಜೆ.

ಈ ಹಬ್ಬದ ರಾಜವೈಭವದ ರೂಪ ಕನ್ನಡಿಗರಿಗೆ ಪರಿಚಿತ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಮಹಾನವಮಿಯನ್ನು ವಿವರವಾಗಿ ಬರೆದಿಟ್ಟರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಸಂಪ್ರದಾಯವನ್ನು ಮುಂದುವರಿಸಿದರು. ಚೆನ್ನೈಯ ಹುಟ್ಟಿಗೂ ವಿಜಯನಗರಕ್ಕೂ ನಂಟಿದೆ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮದ್ರಾಸಿನ ನೆಲವನ್ನು ಕೊಟ್ಟ ದಾಮರ್ಲ ವೆಂಕಟಾದ್ರಿ ನಾಯಕ ವಿಜಯನಗರದ ಅರಸರಿಗೆ ಅಧೀನನಾಗಿದ್ದ ಪಾಳೆಯಗಾರ. ಮೈಸೂರಿನಲ್ಲಿ ಅರಮನೆಯ ಪಟ್ಟದ ಕತ್ತಿಗೆ ಸಲ್ಲುವ ಪೂಜೆ, ಮದ್ರಾಸಿನಲ್ಲಿ ದುಡಿಯುವವರ ಕೈಯ ಸಲಕರಣೆಗೆ ಸಂದಿತು. ನಗರದ ಕೈಗಾರಿಕಾ ಚರಿತ್ರೆಯೂ ಇದಕ್ಕೆ ಒದಗಿ ಬಂತು. 1856ರಲ್ಲಿ ರಾಯಪುರಂ ರೈಲು ನಿಲ್ದಾಣ, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು, 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ರೈಲು ಬೋಗಿ ಕಾರ್ಖಾನೆ, ಆಮೇಲೆ ಗಿಂಡಿ ಮತ್ತು ಅಂಬತ್ತೂರಿನ ಕೈಗಾರಿಕಾ ವಸಾಹತುಗಳು, 1990ರ ದಶಕದಲ್ಲಿ ಶ್ರೀಪೆರಂಬುದೂರು ಮತ್ತು ಮರೈಮಲೈ ನಗರದ ಕಾರು ಕಾರ್ಖಾನೆಗಳು. ಹೀಗೆ ಪ್ರತಿ ತಲೆಮಾರಿನಲ್ಲೂ ಪೂಜೆಯ ಮಣೆಗೆ ಹೊಸ ‘ಆಯುಧ’ಗಳು ಬಂದವು.

ಕೆಲಸ ಹಿಂದಿನ ದಿನವೇ ತೊಳೆಯುವುದರಿಂದ ಶುರುವಾಗುತ್ತದೆ. ವರ್ಷವಿಡೀ ಕೂತ ಎಣ್ಣೆಜಿಡ್ಡನ್ನು ಯಂತ್ರದಿಂದ ಕೆರೆದು ತೆಗೆಯುತ್ತಾರೆ, ನೆಲ ತಿಕ್ಕುತ್ತಾರೆ, ಕಳೆದುಹೋದ ಸ್ಪ್ಯಾನರ್‌ಗಳು ಮೂಲೆಗಳಿಂದ ಹೊರಬರುತ್ತವೆ. ಬಳಿಕ ಯಂತ್ರಕ್ಕೆ ವಿಭೂತಿ, ಗಂಧ, ಕುಂಕುಮ. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ನೈವೇದ್ಯ ಸರಳ: ಪುರಿ, ಹುರಿಗಡಲೆ, ಬೆಲ್ಲ, ಬಾಳೆಹಣ್ಣು, ತೆಂಗಿನಕಾಯಿ. ಇವೆಲ್ಲ ಮುಖ್ಯವಾಗಿ ಬರುವುದು ಕೊಯಂಬೇಡು ಮಾರುಕಟ್ಟೆಯಿಂದ. ಜಾರ್ಜ್‌ಟೌನಿನ ಕೊತ್ತವಾಲ್ ಚಾವಡಿಯಲ್ಲಿ ಇಕ್ಕಟ್ಟಾಗಿದ್ದ ಸಗಟು ವ್ಯಾಪಾರಕ್ಕಾಗಿ 1996ರಲ್ಲಿ ತೆರೆದ ಈ ಮಾರುಕಟ್ಟೆಯಲ್ಲಿ ನವರಾತ್ರಿಯ ಕೊನೆಯ ದಿನಗಳಲ್ಲಿ ಬೂದುಗುಂಬಳದ ರಾಶಿಗಳು ಏಳುತ್ತವೆ. ಪೂಜೆಯ ಕೊನೆಗೆ ಕುಂಬಳಕಾಯಿಗೆ ತೂತು ಕೊರೆದು, ಒಳಗೆ ಕುಂಕುಮ ಮತ್ತು ಚಿಲ್ಲರೆ ಕಾಸು ಹಾಕಿ, ಮೇಲೆ ಕರ್ಪೂರ ಹಚ್ಚಿ, ಅಂಗಡಿ ಅಥವಾ ವಾಹನಕ್ಕೆ ನಿವಾಳಿಸಿ ಬೀದಿಯಲ್ಲಿ ಒಡೆಯುತ್ತಾರೆ. ಆಟೋ ಚಾಲಕರು ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿಯನ್ನು ಒಂದು ಸುತ್ತು ಮುಂದೆ ಬಿಡುತ್ತಾರೆ.

ಪೂಜೆಗೆ ಇಟ್ಟ ವಸ್ತುವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ದರ್ಜಿಯ ಕತ್ತರಿ, ಬಡಗಿಯ ಉಳಿ, ಕ್ಷೌರಿಕನ ಪೆಟ್ಟಿಗೆ, ಉಡುಪಿ ಹೋಟೆಲಿನ ರುಬ್ಬುಗುಂಡು, ಲೆಕ್ಕಿಗನ ಖಾತೆಪುಸ್ತಕ, ವೈಣಿಕರ ವೀಣೆ ಎಲ್ಲಕ್ಕೂ ಇದೇ ನಿಯಮ. ಮಕ್ಕಳಿಗೆ ಅಂದು ಪಾಠದಿಂದ ಬಿಡುವು. ದಶಮಿಯ ಬೆಳಿಗ್ಗೆ ಪುಸ್ತಕವನ್ನು ತೆಗೆದು ಒಂದು ಪುಟವಾದರೂ ಓದುತ್ತಾರೆ, ವಾದ್ಯವನ್ನು ಎತ್ತಿಕೊಂಡು ಒಂದು ವರಸೆಯಾದರೂ ನುಡಿಸುತ್ತಾರೆ, ಯಂತ್ರವನ್ನು ಕ್ಷಣಹೊತ್ತು ಚಾಲೂ ಮಾಡುತ್ತಾರೆ. ಅನೇಕ ಕಾರ್ಖಾನೆಗಳು ಈ ಹಬ್ಬದಂದು ಕಾರ್ಮಿಕರ ಮನೆಯವರನ್ನು ಒಳಗೆ ಕರೆಯುತ್ತವೆ. ಅಪ್ಪ ಎಲ್ಲಿ ನಿಂತು ದುಡಿಯುತ್ತಾನೆ, ಯಾವ ಯಂತ್ರ ತಮ್ಮ ಮನೆಗೆ ಅನ್ನ ತರುತ್ತದೆ ಎಂದು ಮಕ್ಕಳು ಕಣ್ಣಾರೆ ಕಾಣುವ ದಿನ ಅದು.

ಪ್ರಕಾರಗಳು: ಪೊಂಗಲ್

ಜನವರಿ ನಡುವಿನಲ್ಲಿ, ತಮಿಳು ತೈ ಮಾಸದ ಮೊದಲ ದಿನದ ಸುತ್ತ ನಾಲ್ಕು ದಿನ ನಡೆಯುವ ಸುಗ್ಗಿ ಹಬ್ಬ ಪೊಂಗಲ್. ಕರ್ನಾಟಕದ ಸಂಕ್ರಾಂತಿಗೆ ಇದು ಸಂವಾದಿ. ಎರಡನೆಯ ದಿನ ಹೊಸ ಅಕ್ಕಿ, ಬೆಲ್ಲ, ಹಾಲು ಹಾಕಿ ಬೇಯಿಸಿ, ಮಡಕೆ ಉಕ್ಕುವಾಗ ಸೂರ್ಯನಿಗೆ ಅರ್ಪಿಸುತ್ತಾರೆ. ಮೂರನೆಯ ದಿನದ ಮಾಟ್ಟು ಪೊಂಗಲ್ ದನಕರುಗಳಿಗೆ ಸೇರಿದ್ದು. ಚೆನ್ನೈಯ ಹಳೆಯ ಬಡಾವಣೆಗಳಲ್ಲಿ ಹಸು ಸಾಕುವವರು ಅಂದು ಕೊಂಬಿಗೆ ಬಣ್ಣ ಹಚ್ಚಿ, ಹಾರ ಹಾಕಿ, ಪೊಂಗಲ್ ತಿನ್ನಿಸುತ್ತಾರೆ. ನಗರದ ಕನ್ನಡ ಮನೆಗಳು ಇದೇ ದಿನಗಳಲ್ಲಿ ಎಳ್ಳುಬೆಲ್ಲ ಬೀರುತ್ತವೆ. ಮಂಡ್ಯ, ಮೈಸೂರು ಕಡೆಯ ಕಿಚ್ಚು ಹಾಯಿಸುವುದಕ್ಕೆ ಮಾತ್ರ ಇಲ್ಲಿ ಜಾಗವಿಲ್ಲ.

ಮೊದಲ ದಿನವಾದ ಭೋಗಿಯದು ಬೇರೆಯೇ ತರ್ಕ. ಬೇಡದ ಹಳೆಯದನ್ನು ಅಂದು ಬೆಂಕಿಗೆ ಹಾಕುತ್ತಾರೆ. ಹಳ್ಳಿಯಲ್ಲಿ ಅದು ಹರಿದ ಚಾಪೆ, ಒಣಹುಲ್ಲು. ನಗರದಲ್ಲಿ ಟೈರು, ಪ್ಲಾಸ್ಟಿಕ್ ಕೂಡ. 2018ರ ಭೋಗಿಯ ಬೆಳಿಗ್ಗೆ ಹೊಗೆ ಮತ್ತು ಮಂಜು ಸೇರಿ ಚೆನ್ನೈ ವಿಮಾನ ನಿಲ್ದಾಣದ ಸಂಚಾರವೇ ಅಸ್ತವ್ಯಸ್ತವಾಯಿತು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಸುಡಬೇಡಿ ಎಂದು ಪ್ರತಿ ವರ್ಷ ಮನವಿ ಮಾಡುತ್ತದೆ. ಹಳೆಯ ವಸ್ತುವನ್ನು ಸುಡುವ ಬದಲು ಬೇಕಾದವರ ಕೈಗೆ ತಲುಪಿಸುವುದು ಹಬ್ಬದ ಉಳಿದ ಮೂರು ದಿನಗಳ ಭಾವಕ್ಕೆ ಹೆಚ್ಚು ಹತ್ತಿರವಾದ ದಾರಿ.

ನಾಲ್ಕನೆಯ ದಿನ ಕಾಣುಂ ಪೊಂಗಲ್, ನಂಟರಿಷ್ಟರನ್ನು ಕಾಣುವ ದಿನ. ಮರೀನಾ ಕಡಲತೀರ, ವಂಡಲೂರು ಮೃಗಾಲಯ, ಗಿಂಡಿ ಉದ್ಯಾನಗಳಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಕಟ್ಟಿಕೊಂಡು ಬಂದ ಬುತ್ತಿಯನ್ನು ಮರಳಿನ ಮೇಲೆ ಬಿಚ್ಚಿ ಕುಟುಂಬಗಳು ಇಡೀ ದಿನ ಕಳೆಯುತ್ತವೆ. ದುಬಾರಿಯಾದುದೇನೂ ಬೇಡದ, ಇರುವ ಬಂಧುಗಳೇ ಸಾಕಾಗುವ ಈ ದಿನವನ್ನು ದುಡಿಯುವ ಚೆನ್ನೈಯ ಅತಿ ದೊಡ್ಡ ಬಿಡುವಿನ ದಿನ ಎನ್ನಬಹುದು.

ಪ್ರಕಾರಗಳು: ನೀರಿನ ಋಣ

ತಮಿಳು ಆಡಿ ತಿಂಗಳ 18ನೆಯ ದಿನ ‘ಆಡಿ ಪೆರುಕ್ಕು’. ಮುಂಗಾರಿನಲ್ಲಿ ಕಾವೇರಿಗೆ ಹೊಸನೀರು ಬಂದುದಕ್ಕೆ ಸಲ್ಲಿಸುವ ಪೂಜೆ. ಬಗೆಬಗೆಯ ಕಲಸಿದ ಅನ್ನಗಳು ಅಂದಿನ ಊಟ. ಹಬ್ಬದ ನೆಲೆ ತಿರುಚ್ಚಿ, ತಂಜಾವೂರಿನ ನದೀತೀರ. ಚೆನ್ನೈಯಲ್ಲಿ ಅಂಥ ನದಿಯಿಲ್ಲ, ಆದರೂ ಕಾವೇರಿಯ ನೀರು ನಗರಕ್ಕೆ ಬರುತ್ತದೆ. ಕಾವೇರಿಯಿಂದ ತುಂಬುವ ವೀರಾಣಂ ಕೆರೆಯ ನೀರು ಕೊಳವೆಗಳ ಮೂಲಕ 2004ರಿಂದ ಇಲ್ಲಿಗೆ ಹರಿಯುತ್ತಿದೆ.

2019ರ ಬೇಸಿಗೆ ಈ ಋಣವನ್ನು ಬೇರೆ ರೀತಿಯಲ್ಲಿ ನೆನಪಿಸಿತು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ, ನಗರಕ್ಕೆ ನೀರುಣಿಸುವ ನಾಲ್ಕೂ ಜಲಾಶಯಗಳು ಜೂನ್ ವೇಳೆಗೆ ಬಹುಮಟ್ಟಿಗೆ ಬರಿದಾದವು. ಹೋಟೆಲುಗಳು ಊಟ ಕಡಿತಗೊಳಿಸಿದವು, ಐಟಿ ಕಂಪನಿಗಳು ನೌಕರರಿಗೆ ಮನೆಯಿಂದಲೇ ದುಡಿಯಲು ಹೇಳಿದವು, ಬೀದಿಬೀದಿಯಲ್ಲಿ ಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲುಗಟ್ಟಿದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ಕಾವೇರಿ ನೀರು ಹೊತ್ತ ರೈಲು ವಿಲ್ಲಿವಾಕ್ಕಂಗೆ ಬಂದು ನಿಂತಿತು. ಅಂದು ನಗರ ಹನಿಹನಿಗೆ ಋಣಿಯಾಗಿದ್ದ ಆ ನೀರು ಹುಟ್ಟಿದ್ದು ಕೊಡಗಿನ ಸೀಮೆಯಲ್ಲಿ. ಅದಕ್ಕೂ ಮೊದಲು, 2015ರ ಡಿಸೆಂಬರ್ ಮೊದಲ ವಾರ, ಇದೇ ನಗರ ಅಡ್ಯಾರ್ ನದಿಯ ನೆರೆಯಲ್ಲಿ ಮುಳುಗಿತ್ತು. ಕಡಲತೀರದ ಮೀನುಗಾರರು ದೋಣಿಗಳನ್ನು ಒಳನಾಡಿನ ಬೀದಿಗಳಿಗೆ ತಂದು ಜನರನ್ನು ದಾಟಿಸಿದ್ದರು.

ನೀರಿನ ವಿಷಯದಲ್ಲಿ ಋಣ ತೀರಿಸುವ ನಡೆಗೆ ಕಾನೂನಿನ ರೂಪವೂ ಇದೆ. 2003ರಲ್ಲಿ ತಮಿಳುನಾಡು ಸರ್ಕಾರ ಎಲ್ಲ ಕಟ್ಟಡಗಳಿಗೂ ಮಳೆನೀರು ಇಂಗಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಮೇಲಿನಿಂದ ಬಿದ್ದುದನ್ನು ನೆಲಕ್ಕೆ ಮರಳಿಸುವ ಈ ನಿಯಮವನ್ನು ಕೃತಜ್ಞತೆಯ ಮೂರನೆಯ ಹೆಜ್ಜೆಯ ಸಾಲಿಗೇ ಸೇರಿಸಬೇಕು.

ಇತರ ಸಮುದಾಯಗಳಲ್ಲಿ

1947ರ ಸೆಪ್ಟೆಂಬರ್ 27ರಂದು ಚೆನ್ನೈಯ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಉದ್ಘಾಟನೆಗೊಂಡ ದಕ್ಷಿಣ ಭಾರತ ಸಭೆಯ ಚರ್ಚುಗಳು ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ ಆಚರಿಸುತ್ತವೆ. ಭಕ್ತರು ತಂದ ಕಾಯಿಪಲ್ಲೆ, ಹಣ್ಣು, ಕೋಳಿ, ಮನೆತಿಂಡಿಗಳನ್ನು ಹರಾಜು ಹಾಕಿ ಬಂದ ಹಣವನ್ನು ಚರ್ಚಿನ ಕಾರ್ಯಗಳಿಗೆ ಬಳಸುತ್ತಾರೆ. ಬೆಸೆಂಟ್ ನಗರದ ವೇಳಾಂಕಣ್ಣಿ ಮಾತೆಯ ಗುಡಿಯಲ್ಲಿ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗಿನ ಉತ್ಸವಕ್ಕೆ ಎಲ್ಲ ಮತಗಳವರೂ ಹರಕೆ ಒಪ್ಪಿಸಲು ಬರುತ್ತಾರೆ. ಇಸ್ಲಾಮಿನಲ್ಲಿ ಕೃತಜ್ಞತೆ ‘ಶುಕ್ರ್’ ಎಂಬ ಮೂಲಭೂತ ಗುಣ. ರಂಜಾನ್ ತಿಂಗಳಲ್ಲಿ ಮಸೀದಿಗಳು ಉಪವಾಸ ಬಿಡಲು ಹಂಚುವ ನೋಂಬು ಗಂಜಿಗೆ ರಾಜ್ಯ ಸರ್ಕಾರವೇ ಅಕ್ಕಿ ಕೊಡುತ್ತದೆ. ಹಗಲೆಲ್ಲ ಇಲ್ಲದ ಅನ್ನ ಸಂಜೆ ಕೈಗೆ ಬರುವ ಈ ಕ್ರಮದಲ್ಲೂ, ಆಯುಧಪೂಜೆಯಲ್ಲಿರುವಂತೆ, ದೂರವಿಟ್ಟು ಮರಳಿ ಪಡೆಯುವ ರಚನೆಯೇ ಇದೆ.

ಯೋಗಶಿಕ್ಷಣದಲ್ಲಿ

ಸಂತೋಷವನ್ನು ಪಾಠವಾಗಿ ಕಲಿಸುವ ಪರಂಪರೆ ಚೆನ್ನೈಗೆ ಬಂದದ್ದು ಕರ್ನಾಟಕದಿಂದ. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರ ‘ಯೋಗಮಕರಂದ’ವನ್ನು ಕನ್ನಡದಲ್ಲೇ ಬರೆದರು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ಇಂದ್ರಾದೇವಿ ಅವರ ಶಿಷ್ಯರು. ಯೋಗಶಾಲೆ ಮುಚ್ಚಿದ ಬಳಿಕ 1950ರ ದಶಕದಲ್ಲಿ ಮದ್ರಾಸಿಗೆ ನೆಲೆ ಬದಲಿಸಿ, 1989ರಲ್ಲಿ ನೂರನ್ನು ದಾಟಿದ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.

ಅವರ ಮಗ, ಮೈಸೂರಿನಲ್ಲಿ ಹುಟ್ಟಿದ ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಸ್ಥಾಪಿಸಿದರು. ಪ್ರತಿಯೊಬ್ಬರ ದೇಹ, ವಯಸ್ಸು, ಕಾಯಿಲೆಗೆ ತಕ್ಕಂತೆ ಅಭ್ಯಾಸವನ್ನು ಹೊಂದಿಸುವುದು ಈ ಪರಂಪರೆಯ ಮುಖ್ಯ ತತ್ತ್ವ. ಬೇರೊಬ್ಬರ ಮೈಬಾಗುವಿಕೆಯನ್ನು ಗುರಿಯಾಗಿ ಹಿಡಿಯದೆ, ಇರುವ ಮೈಯಿಂದಲೇ ಆರಂಭಿಸುವುದು. ವ್ಯಾಸಭಾಷ್ಯ ಹೇಳುವ ‘ಹತ್ತಿರದ ಸಾಧನ’ಕ್ಕೆ ಇದಕ್ಕಿಂತ ನೇರವಾದ ಪ್ರಯೋಗ ಸಿಗುವುದು ಕಷ್ಟ.

ಉಪಯೋಗ

2003ರಲ್ಲಿ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ ಪ್ರಯೋಗಗಳು ಆಧುನಿಕ ಸಂಶೋಧನೆಗೆ ದಾರಿ ಮಾಡಿದವು. ಕೃತಜ್ಞರಾಗಿರಬೇಕಾದ ಸಂಗತಿಗಳನ್ನು ಹಲವು ವಾರ ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕನ್ನು ಹೆಚ್ಚು ಒಳ್ಳೆಯದೆಂದು ಅಳೆದರು. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು ಹಲವು ಅಭ್ಯಾಸಗಳನ್ನು ಹೋಲಿಸಿ ನೋಡಿದರು. ಅವುಗಳಲ್ಲಿ ಉಪಕಾರಿಯನ್ನು ಕಂಡು ಪತ್ರ ಓದಿ ಹೇಳುವುದು ಬೇಗನೆ ಫಲ ಕೊಟ್ಟು ಕೆಲವು ತಿಂಗಳಲ್ಲಿ ಮಸುಕಾಯಿತು. ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಕಾರಣಸಹಿತ ಬರೆಯುವುದರ ಪರಿಣಾಮ ಆರು ತಿಂಗಳ ಬಳಿಕವೂ ಉಳಿದಿತ್ತು.

ಈ ಅಭ್ಯಾಸಗಳನ್ನು ಬೇರೆ ಸಂಸ್ಕೃತಿಗೆ ಹಾಗೆಯೇ ತಂದು ನೆಡಲು ಬರುವುದಿಲ್ಲ. ಅಮೆರಿಕದವರನ್ನೂ ಭಾರತೀಯರನ್ನೂ ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೃತಜ್ಞತೆಯ ಪತ್ರ ಬರೆದ ಭಾರತೀಯರಲ್ಲಿ ಸಂತಸದ ಜೊತೆಗೆ ದುಃಖ ಮತ್ತು ತಪ್ಪಿತಸ್ಥ ಭಾವವೂ ಕಾಣಿಸಿಕೊಂಡಿತು. ಋಣವನ್ನು ನೆನೆದ ಕೂಡಲೇ ತೀರಿಸದ ಋಣವೂ ನೆನಪಾಗುವ ಸಮಾಜದಲ್ಲಿ ಇದು ಸಹಜ. ಕೈಯಾರೆ ಏನಾದರೂ ಮಾಡಿ ಋಣ ಸಲ್ಲಿಸಲು ಅವಕಾಶ ಕೊಡುವ ಹಬ್ಬಗಳು ಇಲ್ಲಿ ಪತ್ರಕ್ಕಿಂತ ಹೆಚ್ಚು ಒಗ್ಗುವುದಕ್ಕೆ ಇದೇ ಕಾರಣವಿರಬಹುದು.

ಮಿತಿಗಳು

ಕೃತಜ್ಞತೆಯ ಅಭ್ಯಾಸ ಚಿಕಿತ್ಸೆಯ ಜಾಗವನ್ನು ತುಂಬಲಾರದು. ಖಿನ್ನತೆ ಮತ್ತು ಆತಂಕದ ಮೇಲೆ ಇದರ ಪರಿಣಾಮ ಅಲ್ಪವೆಂದು 2021ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ತೋರಿಸಿದೆ. ಅಂಥ ಬಾಧೆಯಲ್ಲಿರುವವರಿಗೆ ‘ಇರುವುದನ್ನು ನೆನೆದು ಸಮಾಧಾನಪಡು’ ಎಂದು ಹೇಳುವುದು ಕ್ರೂರವೂ ಆಗುತ್ತದೆ. ಚೆನ್ನೈಯಲ್ಲಿ ಇದಕ್ಕಾಗಿ ಹಳೆಯ ಸಂಸ್ಥೆಗಳಿವೆ. ಮಂಗಳೂರಿನಲ್ಲಿ ಹುಟ್ಟಿ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಮನೋವೈದ್ಯೆ ಎಂ. ಶಾರದಾ ಮೆನನ್ 1984ರಲ್ಲಿ ಸ್ಕಿಜೋಫ್ರೇನಿಯಾ ಸಂಶೋಧನಾ ಪ್ರತಿಷ್ಠಾನವನ್ನು ಕಟ್ಟಿದರು; ಆತ್ಮಹತ್ಯೆ ತಡೆಗಾಗಿ ‘ಸ್ನೇಹಾ’ 1986ರಿಂದ ದುಡಿಯುತ್ತಿದೆ.

ಎರಡನೆಯ ಮಿತಿ ಸಾಮಾಜಿಕ. ಸಿಗದುದನ್ನು ಬೇಡವೆಂದುಕೊಳ್ಳುವಂತೆ ಬಡತನ ಮನಸ್ಸನ್ನು ಪಳಗಿಸಬಲ್ಲದು ಎಂದು ಚಿಂತಕರಾದ ಯಾನ್ ಎಲ್‌ಸ್ಟರ್ ಮತ್ತು ಅಮರ್ತ್ಯ ಸೇನ್ ಎಚ್ಚರಿಸಿದ್ದಾರೆ. ಅಂಥ ತೃಪ್ತಿಯನ್ನು ನೆಮ್ಮದಿಯ ಅಳತೆಗೋಲಾಗಿ ಹಿಡಿದರೆ ಅನ್ಯಾಯ ಮರೆಯಾಗುತ್ತದೆ. ಚೆನ್ನೈಯ ಕಾರ್ಮಿಕ ಚರಿತ್ರೆ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. 1918ರ ಏಪ್ರಿಲ್ 27ರಂದು ಪೆರಂಬೂರಿನ ಗಿರಣಿ ಕಾರ್ಮಿಕರ ನಡುವೆ ಬಿ.ಪಿ. ವಾಡಿಯಾ ಮತ್ತು ತಿರು.ವಿ.ಕ. ಅವರ ಮುಂದಾಳುತನದಲ್ಲಿ ಹುಟ್ಟಿದ ಮದ್ರಾಸ್ ಕಾರ್ಮಿಕ ಸಂಘವನ್ನು ಭಾರತದ ಮೊದಲ ಸಂಘಟಿತ ಕಾರ್ಮಿಕ ಸಂಘವೆಂದು ಎಣಿಸುತ್ತಾರೆ. 1923ರಲ್ಲಿ ಕಾರ್ಮಿಕ ನಾಯಕ ಸಿಂಗಾರವೇಲರ್ ದೇಶದ ಮೊದಲ ಮೇ ದಿನವನ್ನು ಆಚರಿಸಿದ್ದೂ ಇಲ್ಲಿನ ಕಡಲತೀರದಲ್ಲಿ. 2024ರಲ್ಲಿ ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯ ಕಾರ್ಮಿಕರು ಸಂಘದ ಮಾನ್ಯತೆಗಾಗಿ ಸೆಪ್ಟೆಂಬರ್ 9ರಿಂದ ಅಕ್ಟೋಬರ್ ನಡುವಿನವರೆಗೆ ಮುಷ್ಕರ ಹೂಡಿದರು; ಆ ವರ್ಷದ ಆಯುಧಪೂಜೆ ಮುಷ್ಕರದ ನಡುವೆಯೇ ಬಂತು. ಯಂತ್ರದ ಋಣ ಬೇರೆ, ಕೂಲಿಯ ಹಕ್ಕು ಬೇರೆ ಎಂಬ ವಿವೇಚನೆ ಈ ನಗರದ ದುಡಿಯುವವರಲ್ಲಿ ನೂರು ವರ್ಷಗಳಿಂದ ಇದೆ.

ಇಂದಿನ ಸ್ಥಿತಿ

ಆಚರಣೆಗಳು ಹೊಸ ವಸ್ತುಗಳನ್ನು ಒಳಗೊಳ್ಳುತ್ತಲೇ ಸಾಗಿವೆ. ಹಳೆಯ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕಂಪ್ಯೂಟರ್ ಪರದೆಗೂ ಸರ್ವರ್ ಕೋಣೆಯ ಬಾಗಿಲಿಗೂ ಗಂಧ, ಕುಂಕುಮ ಬೀಳುತ್ತದೆ. ಆಹಾರ ತಲುಪಿಸುವ ಹುಡುಗರ ಬೈಕುಗಳ ಹ್ಯಾಂಡಲ್‌ಗೆ ಸೇವಂತಿಗೆ ಹಾರ ಏರುತ್ತದೆ. ಆದರೆ ನವಮಿಯ ಬಿಡುವು ಕೆಲವೆಡೆ ಪೂರ್ತಿಯಾಗಿ ಉಳಿದಿಲ್ಲ. ಆಸ್ಪತ್ರೆ, ವಿದ್ಯುತ್ ಕೇಂದ್ರ, ಬಸ್ ಡಿಪೋಗಳಲ್ಲಿ ಪೂಜೆ ಮುಗಿದ ಕೂಡಲೇ ಕೆಲಸ ಮುಂದುವರಿಯುತ್ತದೆ.

ರಸ್ತೆಯಲ್ಲಿ ಒಡೆದ ಕುಂಬಳಕಾಯಿಗೆ ಜಾರಿ ದ್ವಿಚಕ್ರ ಸವಾರರು ಬೀಳುವುದರಿಂದ ಪೊಲೀಸರು ಮತ್ತು ನಗರಪಾಲಿಕೆ ಪ್ರತಿ ವರ್ಷ ಎಚ್ಚರಿಕೆ ನೀಡುತ್ತಾರೆ. ಹಬ್ಬದ ಮರುದಿನ ಬಾಳೆಕಂದು, ಹೂವು, ಕುಂಬಳದ ಚೂರುಗಳ ಹೆಚ್ಚುವರಿ ಕಸವನ್ನು ಎತ್ತುವವರು ಪೌರಕಾರ್ಮಿಕರು. ಅವರ ಪೊರಕೆ ಮತ್ತು ತಳ್ಳುಗಾಡಿಗೂ ಅದೇ ನವಮಿಯಂದು ಕುಂಕುಮ ಬಿದ್ದಿರುತ್ತದೆ, ಆದರೆ ವಿಜಯದಶಮಿಯ ನಸುಕಿನಲ್ಲೇ ಅವನ್ನು ಎತ್ತಿಕೊಳ್ಳಬೇಕಾಗುತ್ತದೆ.

ಪೊಂಗಲ್‌ಗೆ ರಾಜ್ಯ ಸರ್ಕಾರ ಪಡಿತರ ಚೀಟಿದಾರರಿಗೆ ಅಕ್ಕಿ, ಸಕ್ಕರೆ, ಕಬ್ಬು ಹಂಚುವ ಪದ್ಧತಿ ನೆಲೆಗೊಂಡಿದೆ. 2007ರಲ್ಲಿ ಆರಂಭವಾಗಿ, ನಡುವೆ ನಿಂತುಹೋಗಿ, 2023ರಲ್ಲಿ ಮತ್ತೆ ಶುರುವಾದ ‘ಚೆನ್ನೈ ಸಂಗಮಂ’ ಹಬ್ಬದ ದಿನಗಳಲ್ಲಿ ಊರೂರಿನ ಜಾನಪದ ಕಲಾವಿದರನ್ನು ನಗರದ ಉದ್ಯಾನ ಮತ್ತು ಕಡಲತೀರಗಳಿಗೆ ಕರೆತರುತ್ತದೆ. ನಗರದ ಕನ್ನಡ ಸಂಘಗಳು ದಸರೆಯನ್ನು ಗೊಂಬೆ ಕೂರಿಸಿ, ಸಂಕ್ರಾಂತಿಯನ್ನು ಎಳ್ಳುಬೆಲ್ಲ ಹಂಚಿ ಆಚರಿಸುತ್ತ ಬಂದಿವೆ. ಮೈಲಾಪುರದ ಉತ್ತರ ಮಾಡ ಬೀದಿಯಲ್ಲಿ ನವರಾತ್ರಿಗೆ ಮುನ್ನ ಹೂಡುವ ಗೊಂಬೆ ಸಂತೆಯಲ್ಲಿ ದೇವಾನುದೇವತೆಗಳ ಜೊತೆಗೆ ತರಕಾರಿ ಮಾರುವವಳು, ಕುಂಬಾರ, ದರ್ಜಿ, ವಾದ್ಯಗಾರರ ಮಣ್ಣಿನ ಗೊಂಬೆಗಳೂ ಮಾರಾಟಕ್ಕಿರುತ್ತವೆ. ಅವನ್ನು ಕೊಳ್ಳುವವರಲ್ಲಿ ತಮಿಳರು, ತೆಲುಗರು, ಕನ್ನಡಿಗರು ಎಲ್ಲರೂ ಇದ್ದಾರೆ.